ವಿನಾಯಿತಿ ಸಿಕ್ಕಿದ್ದು ಕಂಪ್ಯೂಟರಿಗೆ

ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಷ್ಟು ವರ್ಷವಾಯಿತಲ್ಲ, ಇನ್ನಾದರೂ ಬಿಡು ಎಂದು ಮನೆಯವರು ಹೇಳುತ್ತಾರೆ. ಬಿಡುವುದಿಲ್ಲ.

ನಾನಿದ್ದದ್ದು ಒಂದು ಸಹಕಾರಿ ಸಂಘದ ಯಲ್ಲಾಪುರ ಶಾಖೆಯಲ್ಲಿ. ಕೇಂದ್ರ ಕಚೇರಿ ಶಿರಸಿಯಲ್ಲಿ, ಇನ್ನೊಂದು ಶಾಖೆ ಸಿದ್ದಾಪುರದಲ್ಲಿ. ತೊಂಬತ್ತರ ದಶಕದ ಮೊದಲಿಗೆ ಟೈಪಿಸ್ಟ್ ಆಗಿ ಸೇರಿದವಳು; ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಆ ಕುರ್ಚಿ ನನ್ನದೇ. ಮ್ಯಾನೇಜರರು ಕರಡನ್ನು ಗಟ್ಟಿಯಾಗಿ ಓದುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಅವರು ಉಸಿರು ಎಳೆದುಕೊಳ್ಳುವುದರೊಳಗೆ ನನ್ನ ಸಾಲು ಮುಗಿದಿರುತ್ತಿತ್ತು. ಸಿದ್ದಾಪುರದವರೂ ಕಷ್ಟದ ಪತ್ರವಿದ್ದರೆ ನನಗೇ ಕಳಿಸುತ್ತಿದ್ದರು. ಅದರ ಜಂಭ ನನಗಿತ್ತು. ಇರಲಿ ಬಿಡಿ, ದುಡಿದು ಸಂಪಾದಿಸಿದ ಜಂಭ.

ಆಮೇಲೆ ಕಣ್ಣು ಕೈಕೊಟ್ಟಿತು. ಇದು ಕನ್ನಡಕಕ್ಕೆ ಬಗ್ಗುವ ದೋಷವಲ್ಲ, ದೊಡ್ಡ ಅಕ್ಷರವಾದರೆ ಓದಬಹುದು ಎಂದರು ಹುಬ್ಬಳ್ಳಿಯ ಡಾಕ್ಟರು. ಕಚೇರಿಯಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಟೈಪಿಂಗ್ ಕಿತ್ತುಕೊಳ್ಳುತ್ತಾರೆಂದು ಗೊತ್ತಿತ್ತು, ಟೈಪಿಂಗ್ ಇಲ್ಲದೆ ನಾನು ಅಲ್ಲಿ ಯಾರೂ ಅಲ್ಲ. ಪರದೆಯಲ್ಲಿ ಅಕ್ಷರವನ್ನು ಇಮ್ಮಡಿ ಮಾಡಿಕೊಂಡೆ, ಮೇಲಿನ ಗುಂಡಿಗಳನ್ನೂ ದೊಡ್ಡದು ಮಾಡಿಕೊಂಡೆ. ಕಾಗದದಲ್ಲಿ ಅಚ್ಚಾಗುವುದು ಎಲ್ಲರ ಹಾಗೇ ಸಣ್ಣದು. ಯಾರ ಗಂಟು ಹೋಯಿತು?

ಹೀಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಶಿರಸಿಗೆ ಬಂದನಲ್ಲ ಆ ಮಹಾನುಭಾವ! ಹಾವೇರಿ ಕಡೆಯವನು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅವನ ಹತ್ತಿರ ಪಾಲಿಸಿ ಟೆಂಪ್ಲೇಟ್ ಎಂಬ ಉದ್ದನೆಯ ಪಟ್ಟಿ ಇತ್ತು. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಗುಂಡಿ ಕಾಣಬೇಕು, ಯಾವುದನ್ನು ಒತ್ತಲು ಬರಬಾರದು, ಎಲ್ಲ ಅದರಲ್ಲಿ. ಶಿರಸಿಯಲ್ಲಿ ಕೂತು ಅವನು ಟಿಕ್ ಹಾಕಿದರೆ ಸಾಕು, ಬೆಳಿಗ್ಗೆ ಕಂಪ್ಯೂಟರ್ ಹಚ್ಚುವುದರೊಳಗೆ ಮೂರೂ ಊರಿನಲ್ಲಿ ಅವನು ಹೇಳಿದ ಹಾಗೆ ಆಗಿರುತ್ತಿತ್ತು.

ಒಂದು ಸೋಮವಾರ ಹಚ್ಚಿದೆ. ಅಕ್ಷರವೆಲ್ಲ ಸಾಸಿವೆ ಕಾಳು. ದೊಡ್ಡದು ಮಾಡುವ ಮೆನು ಬೂದು ಬಣ್ಣಕ್ಕೆ ತಿರುಗಿ ಸತ್ತು ಬಿದ್ದಿತ್ತು. ಬೇರೆ ದಾರಿಯಿಂದ ಹೋದರೆ ಇಂಗ್ಲಿಷಿನಲ್ಲೊಂದು ಡಬ್ಬಿ ಎದ್ದು ಬಂತು: ಈ ಕಂಪ್ಯೂಟರಿನ ಮೇಲೆ ನಿರ್ಬಂಧವಿದೆ, ನಿಮ್ಮ ಆಡಳಿತಗಾರರನ್ನು ಕೇಳಿ. ಪರದೆಗೆ ಮೂಗು ತಾಗಿಸಿ ಓದಿದೆ. ಶಿರಸಿಗೆ, ಅವನಿಗೇ ಫೋನ್ ಮಾಡಿದೆ.

“ಮೇಡಂರ, ಎಲ್ಲಾರಿಗೂ ಒಂದ ನಮೂನಿ ಐತ್ರಿ. ನಿಮಗೊಬ್ಬರಿಗೆ ಬಿಟ್ರ ಎಲ್ಲಾರೂ ಕೇಳ್ತಾರ. ನಿಮಗ್ಯಾಕ ಬೇಕು, ಕಾರಣಾ ಹೇಳ್ರಿ.”

ಕಾರಣ ಹೇಳುವಂತಿದ್ದರೆ ಇವನ ಕಾಲು ಯಾಕೆ ಹಿಡಿಯುತ್ತಿದ್ದೆ! ಫೋನ್ ಕುಕ್ಕಿದೆ. ದಿನವೂ ಬೇರೆ ಬೇರೆ ಕಡೆ ಒತ್ತಿ ನೋಡಿದೆ, ದಿನವೂ ಅದೇ ಡಬ್ಬಿ. ಕೊನೆಗೆ ಆ ವಾಕ್ಯ ಬಾಯಿಪಾಠವಾಗಿಬಿಟ್ಟಿತು. ಬೆರಳಿನ ಅಭ್ಯಾಸದ ಮೇಲೆ ಟೈಪ್ ಮಾಡುತ್ತ ಹೇಗೋ ತಿಂಗಳು ದೂಡಿದೆ.

ಆಮೇಲೊಂದು ಮಧ್ಯಾಹ್ನ ಅವನೇ ಯಲ್ಲಾಪುರಕ್ಕೆ ಬಂದ. ವಯರ್ ನೋಡಲು ನನ್ನ ಮೇಜಿನ ಕೆಳಗೆ ತೂರಿಕೊಂಡು ಅಲ್ಲಿಂದಲೇ ಕೂಗಿದ, “ಮೇಡಂರ, ಪರದೆ ಮ್ಯಾಲೆ ಏನೋ ಬಂತಲ್ರಿ, ಓದ್ರಿ.”

ಡಬ್ಬಿಯ ಆಕಾರ ಕಂಡಿತು. ಬಾಯಿಪಾಠ ಒಪ್ಪಿಸಿದೆ.

ಅವನು ಮೈ ಕೊಡವಿಕೊಂಡು ಎದ್ದ. ಪರದೆ ನೋಡಿದ, ನನ್ನನ್ನು ನೋಡಿದ. “ಪ್ರಿಂಟರ್‌ನ್ಯಾಗ ಹಾಳಿ ಮುಗದಾವಂತ ಬಂದೈತ್ರಿ ಇದು,” ಎಂದ. ಆಮೇಲೆ ದನಿ ತಗ್ಗಿಸಿ, “ಕಣ್ಣು ಕಾಣಂಗಿಲ್ಲೇನ್ರಿ? ಮೊದಲ ಹೇಳಬಾರದೇನ್ರಿ? ಅರ್ಜಿ ಬರದು ಕೊಡ್ರಿ, ವಿನಾಯಿತಿ ಮಾಡಿಸಿ ಕೊಡ್ತೀನಿ,” ಎಂದ.

ನಂಬಿದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ. ಕಾರಣ ದೃಷ್ಟಿದೋಷ ಎಂದು ನನ್ನ ಕೈಯಾರೆ ಟೈಪ್ ಮಾಡಿ ಕೊಟ್ಟೆ, ಒಂದು ತಪ್ಪಿಲ್ಲದೆ.

ವಾರದೊಳಗೆ ಅಕ್ಷರ ದೊಡ್ಡದಾಯಿತು. ಆ ಬೆಳಿಗ್ಗೆ ಅಳು ಬಂದದ್ದು ಸುಳ್ಳಲ್ಲ. ನಾಲ್ಕು ದಿನ ಸುಖವಾಗಿ ಟೈಪ್ ಮಾಡಿದೆ. ಐದನೆಯ ದಿನ ಶಿರಸಿಯಿಂದ ಆದೇಶ ಬಂತು. ಅವನು ನನ್ನ ಅರ್ಜಿಯನ್ನು ಮೇಲಿನವರಿಗೆಲ್ಲ ಕಳಿಸಿದ್ದ. ಮಾನವೀಯ ನೆಲೆಯಲ್ಲಿ, ಕಣ್ಣಿಗೆ ತ್ರಾಸಾಗಬಾರದೆಂದು, ನನ್ನನ್ನು ಟೈಪಿಂಗಿನಿಂದ ತೆಗೆದು ಟಪಾಲು ವಿಭಾಗಕ್ಕೆ ಹಾಕಿದ್ದರು.

“ಆನು ಎಂತ ಮಾಡ್ಲಿ ತಂಗಿ, ಆದೇಶ ಮೇಲಿಂದ ಬಂಜು,” ಎಂದರು ಮ್ಯಾನೇಜರರು.

“ನಿಂಗಕ್ಕೆ ಬಾಯಿ ಇತ್ತಿಲ್ಯ?” ಎಂದು ಕೇಳಿಯೇ ಬಿಟ್ಟೆ.

ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಲಕೋಟೆಗೆ ಅಂಟು ಹಚ್ಚುವುದು, ದಪ್ಪ ಪೆನ್ನಿನಲ್ಲಿ ಬಂದ ಹೋದ ಪತ್ರಗಳ ಆವಕ ಜಾವಕ ಬರೆಯುವುದು ನನ್ನ ಪಾಲಿಗೆ ಬಂತು. ನನ್ನ ಕುರ್ಚಿಗೆ ಹೊಸದಾಗಿ ಒಬ್ಬಳು ಬಂದಳು, ಕಾಲೇಜು ಈಗಷ್ಟೇ ಮುಗಿಸಿದವಳು. ಅವಳು ಕೀಲಿ ಒತ್ತುವ ಸದ್ದು ಕೇಳಿದರೇ ನಿಧಾನ ಎಂದು ತಿಳಿಯುತ್ತಿತ್ತು. ಮೂರನೆಯ ದಿನ ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕಾ, ಈ ಕಂಪ್ಯೂಟರಿಗೆ ಎಂತ ಆಯ್ದು? ಅಕ್ಷರ ಇಷ್ಟು ದೊಡ್ಡಕೆ ಬತ್ತು. ಸಣ್ಣ ಮಾಡುಲೇ ಆಗ್ತಿಲ್ಲೆ.”

ಆಗ ಗೊತ್ತಾಯಿತು. ಅವನು ವಿನಾಯಿತಿ ಬರೆದದ್ದು ನನ್ನ ಹೆಸರಿಗಲ್ಲ, ಆ ಕಂಪ್ಯೂಟರಿನ ನಂಬರಿಗೆ. ನಾನು ಎದ್ದು ಬಂದರೂ ಅದು ಅಲ್ಲೇ ಉಳಿದಿತ್ತು.

“ಶಿರಸಿಗೆ ಅರ್ಜಿ ಬರೆದು ಕೊಡು,” ಎಂದೆ.

“ಕಾರಣ ಎಂತ ಬರೀಲಿ?”

“‘ಕಣ್ಣು ಸರಿ ಇದ್ದು’ ಹೇಳಿ ಬರಿ.”