ತೊಟ್ಟಿಗೆ ಇಳಿಯುವವಳ ಬೀಗ

ಒಂದು ಸಂಜೆ ನಮ್ಮವ್ವ ಸಬ್ಬಕ್ಕಿ ಮಿಲ್ಲನ್ನೇ ನಿಲ್ಲಿಸಿ ಮನೆಗೆ ಬಂದಿದ್ದಳು. ಬೇಕೆಂದು ಮಾಡಿದ್ದಲ್ಲ. ಸೀರೆ ಬದಲಿಸಲು ಮಡಿಲು ಸಡಿಲಿಸಿದಾಗ ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳು ಒಂದರ ಹಿಂದೊಂದು ಚಾಪೆಯ ಮೇಲೆ ಬಿದ್ದವು. ಶಾಲೆಯ ಲೆಕ್ಕ ಮಾಡುತ್ತ ಕೂತಿದ್ದ ನಾನು ನಕ್ಕೆ, ಅವ್ವ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಮಿಲ್ಲಿನ ಮೇಸ್ತ್ರಿ ಮೊಪೆಡ್ ನಿಲ್ಲಿಸಿ ಬಾಗಿಲಿಗೆ ಬಂದಿದ್ದ.

“ಏನಕ್ಕಾ, ಮಿಲ್ಲನ್ನೇ ಮಡ್ಲಾಗೆ ಇಕ್ಕೊಂಡು ಬಂದ್ಬುಟ್ಟಿದೀಯ,” ಎಂದ.

“ನನ್ ಜೀವ ಎಲ್ಲಿರ್ತೈತೋ ಅದೂ ಅಲ್ಲೇ ಇರ್ತೈತೆ. ತಗೊಂಡೋಗು,” ಎಂದು ಅವ್ವ ಮೂರನ್ನೂ ಅವನ ಕೈಗಿಟ್ಟಳು.

ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ದಾರಿಯಲ್ಲಿ ಆ ಮಿಲ್ಲು. ಪೆನ್ನಾಗರಂ ಕಡೆಯ ಒಣ ಹೊಲ ಬಿಟ್ಟು ನಾವು ಅಲ್ಲಿಗೆ ಬಂದದ್ದು ಆ ಕೂಲಿಯನ್ನು ನಂಬಿಕೊಂಡೇ. ಮರಗೆಣಸನ್ನು ಅರೆದು ತೆಗೆದ ಹಾಲನ್ನು ಕಲಕಲು ಅಲ್ಲೊಂದು ಆಳದ ತೊಟ್ಟಿ ಇದೆ. ನಡುವೆ ಕಬ್ಬಿಣದ ರೆಕ್ಕೆಗಳು, ಮೇಲೆ ಮೋಟಾರು. ಹಿಟ್ಟು ತಳಕ್ಕೆ ಕಚ್ಚಿಕೊಂಡು ಹುಳಿ ನಾತ ಹೊಡೆಯಲು ಶುರುವಾದರೆ ಯಾರಾದರೂ ಇಳಿದು ಕೆರೆಯಬೇಕು. ಇಳಿಯುತ್ತಿದ್ದವರು ನಮ್ಮವ್ವ ಮತ್ತು ಅವಳ ಜೊತೆಯ ಹೆಂಗಸರು. ರೆಕ್ಕೆಗಳ ಕೆಳಗೆ ಬಗ್ಗಿ ಕೂತು ಕೆರೆಯುವ ಕೆಲಸ ಅದು. ಆಗ ಯಾರಾದರೂ ಮರೆತು ಮೋಟಾರು ಹಾಕಿದರೆ ಕೂಗುವುದಕ್ಕೂ ಹೊತ್ತಿರುವುದಿಲ್ಲ.

ಅದಕ್ಕೆ ಹೆಂಗಸರೇ ಒಂದು ಕ್ರಮ ಮಾಡಿಕೊಂಡಿದ್ದರು. ಇಳಿಯುವ ಮೊದಲು ಮೈನ್ ಸ್ವಿಚ್ಚು ಎಳೆದು, ಮೂರು ಫ್ಯೂಸು ಕಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಳಿಯುವುದು. ಫ್ಯೂಸನ್ನು ಅಲ್ಲಿ ಎಲ್ಲರೂ ಪೀಸುಕಟ್ಟೆ ಎನ್ನುತ್ತಾರೆ. ಅದು ಒಳಗಿರುವವಳ ಮಡಿಲಲ್ಲಿದ್ದರೆ ಹೊರಗೆ ಯಾರು ಏನು ಒತ್ತಿದರೂ ರೆಕ್ಕೆ ಅಲುಗುವುದಿಲ್ಲ. ಯಾವ ಸಾಹೇಬರೂ ಹೇಳಿಕೊಟ್ಟದ್ದಲ್ಲ, ಯಾರ ಅಪ್ಪಣೆಯನ್ನೂ ಕೇಳಿ ಶುರುಮಾಡಿದ್ದಲ್ಲ. ಅವ್ವನಿಗಿಂತ ಮುಂಚೆ ಇಳಿದವರು ಹಾಗೆ ಮಾಡುತ್ತಿದ್ದರು, ಅವ್ವನೂ ಮಾಡಿದಳು.

ಆ ತೊಟ್ಟಿ ಕೆರೆದ ಕೂಲಿಯಲ್ಲೇ ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದೆ. ಈಗ ಸೇಲಂನಲ್ಲಿ ಪ್ಯಾನಲ್ ಬೋರ್ಡ್ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಪೊಣ್ಣು, ಅಂದರೆ ಹುಡುಗಿ, ವೈರಿಂಗ್ ಮಾಡುತ್ತಾ ಎಂದು ಕೇಳುವವರು ಇನ್ನೂ ಇದ್ದಾರೆ. ಮಾಡುತ್ತೆ, ಪಕ್ಕಕ್ಕೆ ಸರಿ, ಬೆಳಕು ಬೀಳಲಿ ಎನ್ನುತ್ತೇನೆ.

ನನ್ನ ಕೈಗೆ ಹೆಚ್ಚಾಗಿ ಬರುವುದು ಫೋನಿನಿಂದ ನಡೆಸುವ ಪ್ಯಾನಲ್‌ಗಳು. ಕಂಟ್ರೋಲರ್ ಎಂಬ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸಣ್ಣ ರಿಲೇಗಳು ಸಾಲಾಗಿ ಕೂತಿರುತ್ತವೆ, ಪಕ್ಕದಲ್ಲಿ ಸಿಮ್ ಹಾಕಿದ ಮೋಡೆಮ್. ಎಲ್ಲೋ ಕೂತವರು ಫೋನಿನ ಮೇಲೆ ಬೆರಳಿಟ್ಟರೆ ಟವರಿನಿಂದ ಟವರಿಗೆ ಸುದ್ದಿ ಬಂದು ರಿಲೇ ಟಕ್ ಎನ್ನುತ್ತದೆ. ಅದರ ಹಿಂದೆಯೇ ದೊಡ್ಡ ಕಾಂಟಾಕ್ಟರ್ ಧಡ್ ಎಂದು ಹಿಡಿದುಕೊಂಡು ಮೋಟಾರಿಗೆ ಕರೆಂಟು ಬಿಡುತ್ತದೆ. ಈ ಕೆಲಸ ನನಗೆ ಇಷ್ಟ. ಮೊದಲ ಸಲ ಸೇಲಂ ಜಂಕ್ಷನ್ ಎದುರಿನ ಟೀ ಅಂಗಡಿಯಲ್ಲಿ ನಿಂತು, ಪೆನ್ನಾಗರಂ ಆಚೆಯ ಒಂದು ಬಾವಿಯ ಮೋಟಾರು ಹಾಕಿದಾಗ ಖುಷಿಗೆ ಟೀ ಆರಿಹೋದದ್ದೂ ತಿಳಿಯಲಿಲ್ಲ. ಎಷ್ಟೋ ಜನ ವಯಸ್ಸಾದವರು ಹಾವು ತುಳಿಯುವ ಭಯವಿಲ್ಲದೆ ಮನೆಯಲ್ಲೇ ಕೂತು ನೀರು ಬಿಡುವಂತಾಗಿದೆ. ನಾನು ಅದನ್ನು ಬೈಯಲು ಕೂತಿಲ್ಲ.

ಅವ್ವನ ಮಿಲ್ಲಿಗೂ ಅಂಥದೇ ಪ್ಯಾನಲ್ ಬೇಕೆಂದು ನಮ್ಮ ವರ್ಕ್‌ಶಾಪಿಗೆ ಆರ್ಡರ್ ಬಂತು. ಮಿಲ್ಲಿನ ಮಾಲೀಕರನ್ನು ಅಲ್ಲಿ ಎಲ್ಲರೂ ಮೊದಲಾಳಿ ಎಂದೇ ಕರೆಯುತ್ತಾರೆ. ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ, ವ್ಯಾಪಾರಕ್ಕೆಲ್ಲ ತಮಿಳು. ವಾಸ ಸೇಲಂನಲ್ಲಿ, ರಜೆ ಬಂದರೆ ಏರ್ಕಾಡಿನ ಕಾಫಿ ತೋಟದಲ್ಲಿ. ಎಲ್ಲಿದ್ದರೂ ಮಿಲ್ಲು ತಮ್ಮ ಕೈಯಲ್ಲಿರಬೇಕು ಎಂಬುದು ಅವರ ಆಸೆ. ತೊಟ್ಟಿಯ ಪಕ್ಕ ಒಂದು ಕೈಸ್ವಿಚ್ಚು ಇರಲಿ ಎಂದು ನಾನು ನಕ್ಷೆಯಲ್ಲಿ ಬರೆದಿದ್ದೆ. ಆಳುಗಳು ಕೆಲಸ ತಪ್ಪಿಸಲು ಆರಿಸುತ್ತಾರೆ ಎಂದು ಮೊದಲಾಳಿ ಅದನ್ನು ಹೊಡೆದುಹಾಕಿಸಿದರು. ನಾನು ಜಗಳ ಆಡಿದೆ. ದುಡ್ಡು ಕೊಡುವವರು ಬೇಡ ಅಂದರೆ ಬೇಡ, ಹೋಗಿ ಕೆಲಸ ನೋಡು ಎಂದರು ವರ್ಕ್‌ಶಾಪಿನ ಯಜಮಾನರು. ಅವರನ್ನು ನಾನು ಅಣ್ಣ ಎಂದು ಕರೆಯುತ್ತೇನೆ.

ಪರೀಕ್ಷೆಯ ದಿನ ಮೊದಲಾಳಿ ಏರ್ಕಾಡ್ ಘಾಟಿನ ತಿರುವಿನಲ್ಲಿ ಕಾರು ನಿಲ್ಲಿಸಿ ಫೋನು ಒತ್ತಿದರು. ಕೆಳಗೆ ಮಿಲ್ಲಿನಲ್ಲಿ ಪಂಪು ತಿರುಗಿತು, ಜರಡಿ ಅಲ್ಲಾಡಿತು, ತೊಟ್ಟಿಯ ರೆಕ್ಕೆ ಸುತ್ತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಅವ್ವ ಹೊಡೆಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಪ್ಯಾನಲನ್ನು ಮೇಲಿಂದ ಕೆಳಗೆ ನೋಡಿದಳು.

“ಪೀಸುಕಟ್ಟೆ ಎಲ್ಲೈತೆ?”

“ಅದೆಲ್ಲ ಈಗ ಇಲ್ಲವ್ವಾ. ಎಲ್ಲಾ ಫೋನಲ್ಲೇ.”

“ಸರಿ ಕಣೆ. ತೊಟ್ಟಿಗಿಳೀವಾಗ ನಾನೇನ ಎತ್ಕೊಂಡು ಇಳೀಲಿ?”

ಹಳೆಯ ಫ್ಯೂಸುಗಳು ಆಗಲೇ ಗುಜರಿ ಮೂಟೆಯಲ್ಲಿದ್ದವು. ನನಗೆ ಸಿಟ್ಟು ಬಂತು. ನಕ್ಷೆಯಲ್ಲಿ ಒಂದು ಗೆರೆ ಹೊಡೆದವರಿಗೆ ಆ ಗೆರೆಯ ಕೆಳಗೆ ಯಾರು ಬಗ್ಗಿ ಕೂತಿರುತ್ತಾರೆ ಎಂಬುದು ಗೊತ್ತಿಲ್ಲ. ನನಗೆ ಗೊತ್ತು. ಅವಳು ಎಂಥ ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಯಾವ ಮಂಡಿ ನೋಯುತ್ತದೆ, ಎಲ್ಲ ಗೊತ್ತು.

ಮಾರನೆಯ ದಿನ ಯಾರನ್ನೂ ಕೇಳದೆ, ಕೆಂಪು ಹಿಡಿಯ ಒಂದು ಸ್ವಿಚ್ಚನ್ನು ತೊಟ್ಟಿಯ ಪಕ್ಕದ ಕಂಬಕ್ಕೆ ಕೂರಿಸಿದೆ. ಮೋಟಾರಿಗೆ ಹೋಗುವ ಲೈನು ಅದರ ಮೂಲಕವೇ ಹಾಯುವಂತೆ ಮಾಡಿದೆ. ಹಿಡಿಯನ್ನು ಆಫ್ ಕಡೆಗೆ ತಿರುಗಿಸಿದರೆ ಅದರಲ್ಲೊಂದು ತೂತು ಕಾಣಿಸುತ್ತದೆ, ಆ ತೂತಿಗೆ ಬೀಗ ಹಾಕಬಹುದು. ಆಮೇಲೆ ರಿಲೇ ಬೇಕಾದಷ್ಟು ಟಕ್ ಎನ್ನಲಿ, ಮೋಟಾರಿಗೆ ಕರೆಂಟೇ ತಲುಪುವುದಿಲ್ಲ. ಸೇಲಂ ಪೇಟೆಯಲ್ಲಿ ಒಂದು ಹಿತ್ತಾಳೆ ಬೀಗ ಕೊಂಡು ತಂದೆ. ಅದಕ್ಕೆ ಎರಡು ಕೀ. ಒಂದನ್ನು ಅವ್ವನಿಗೆ ಕೊಟ್ಟೆ. ಇನ್ನೊಂದನ್ನು ಮಿಲ್ಲಿನ ಹಿಂದೆ ಗಬ್ಬು ನಾರುವ ಕೊಳಚೆ ಗುಂಡಿಗೆ ಎಸೆದೆ. ಕೀಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡು, “ಅಗುರಾಗೈತೆ,” ಎಂದಳು.

ಕೆಲವು ವಾರ ಯಾರೂ ಅದನ್ನು ಗಮನಿಸಲಿಲ್ಲ. ಸಿಗ್ನಲ್ ಸರಿಯಾಗಿ ಸಿಗುತ್ತಿಲ್ಲವೆಂದು ಆಂಟೆನಾ ಎತ್ತರಕ್ಕೆ ಕಟ್ಟಲು ನಾನು ಒಂದು ಮಧ್ಯಾಹ್ನ ಮಿಲ್ಲಿಗೆ ಹೋದೆ. ಅವ್ವ ತೊಟ್ಟಿಯೊಳಗಿದ್ದಳು. ಅವಳು ತಗಡಿನಿಂದ ಹಿಟ್ಟು ಕೆರೆಯುವ ಸದ್ದು ಕೇಳುತ್ತಿತ್ತು. ಆಂಟೆನಾ ಕಟ್ಟಿ ಇಳಿದು ಪ್ಯಾನಲ್ ಬಾಗಿಲು ತೆರೆದೆ. ಸಿಗ್ನಲ್ ಚೆನ್ನಾಗಿ ಬಂದಿತ್ತು. ಬಂದ ಕೂಡಲೇ ನನ್ನ ಕಣ್ಣೆದುರೇ ರಿಲೇ ಟಕ್ ಎಂದಿತು. ಕಾಂಟಾಕ್ಟರ್ ಧಡ್ ಎಂದು ಹಿಡಿಯಿತು.

ತಗಡಿನ ಸದ್ದು ನಿಂತಿತು. ಅವ್ವ ಬೀಗ ಹಾಕಿಯೇ ಇಳಿದಿದ್ದಾಳೆ ಎಂದು ನನಗೆ ಗೊತ್ತು, ಲೈನು ಕಡಿದಿದೆ ಎಂದೂ ಗೊತ್ತು, ಆದರೂ ತೊಟ್ಟಿಯ ಅಂಚಿಗೆ ಓಡಿದೆ. ರೆಕ್ಕೆ ನಿಂತಲ್ಲೇ ನಿಂತಿತ್ತು. ಅದರ ಕೆಳಗಿನಿಂದ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಮತ್ತೆ ಬಗ್ಗಿ ಕೆರೆಯತೊಡಗಿದಳು. ನನಗೆ ಅಳು ಬಂತು, ಅದಕ್ಕಿಂತ ಮುಂಚೆ ರೋಷ ಬಂತು.

ಫೋನ್ ಬಡಿದುಕೊಂಡಿತು. ಮೊದಲಾಳಿ. ತೋಟಕ್ಕೆ ಬಂದ ನೆಂಟರಿಗೆ ತೋರಿಸಲೆಂದು ಒತ್ತಿದ್ದರಂತೆ.

“ಏನಮ್ಮಾ, ಆನ್ ಅಂತ ತೋರಿಸ್ತೈತೆ, ಮೋಟಾರ್ ಓಡ್ತಿಲ್ಲ ಅಂತಾನೆ ಮೇಸ್ತ್ರಿ. ಏನ್ ಕೆಟ್ಟೋಗೈತೆ?”

“ಏನೂ ಕೆಟ್ಟಿಲ್ಲ ಸಾರ್. ಒಳಗೆ ಆಳು ಐತೆ. ಬೀಗ ಹಾಕೈತೆ.”

ಬೀಗ ಯಾವುದು, ಯಾರು ಹಾಕಿದ್ದು ಎಂದೆಲ್ಲ ವಿಚಾರಣೆಯಾಯಿತು. ನಾನು ಹಾಕಿದ್ದು ಎಂದೆ. ಅವರ ದನಿ ಏರಿತು.

“ನನ್ ಮಿಲ್ಲಿಗೆ ಕೂಲಿಯೋರು ಬೀಗ ಆಕೋದಾ? ಕೆರೆಯೋ ಮುಂಚೆ ನಂಗೊಂದು ಫೋನ್ ಮಾಡ್ಲಿ, ಸಾಕು. ಒತ್ತಲ್ಲ ಅಂದ್ರೆ ಒತ್ತಲ್ಲ ನಾನು. ಆ ಬೀಗ ತೆಗಿ. ಇನ್ನೊಂದು ಕೀ ಎಲ್ಲೈತೆ?”

“ಕೊಳಚೆ ಗುಂಡಿಯಲ್ಲಿ. ಬೇಕಾದ್ರೆ ಇಳಿದು ಹುಡುಕಿಸಿ.”

ಮೊದಲಾಳಿ ಮಾತು ಮುಗಿಸಿ ಆಫ್ ಒತ್ತಿದರು, ಕಾಂಟಾಕ್ಟರ್ ಬಿಟ್ಟುಕೊಂಡಿತು. ಸ್ವಲ್ಪ ಹೊತ್ತಿಗೆ ನಮ್ಮ ಅಣ್ಣನ ಫೋನು. ಆ ಸ್ವಿಚ್ಚು ಬಿಚ್ಚಿ ಲೈನು ನೇರ ಕೊಟ್ಟು ಬಾ, ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ಬರುವುದಿಲ್ಲ ಎಂದೆ. ಬೇರೆ ಯಾರನ್ನಾದರೂ ಕಳಿಸುತ್ತೇನೆ ಎಂದರು. ಕಳಿಸಿ, ತೊಟ್ಟಿಗೂ ಅವರನ್ನೇ ಇಳಿಸಿ ಎಂದು ಫೋನಿಟ್ಟೆ. ಸ್ಕ್ರೂಡ್ರೈವರನ್ನು ಮುಟ್ಟಲಿಲ್ಲ.

ಸಂಜೆಯೊಳಗೆ ಮೊದಲಾಳಿ ಘಾಟಿ ಇಳಿದು ಕಾರಿನಲ್ಲೇ ಬಂದರು. ತೊಟ್ಟಿಯ ಕೆಲಸ ಅರ್ಧ ಉಳಿದಿತ್ತು. ಸುದ್ದಿ ತಿಳಿದು ಅವ್ವ ಮೇಲೆ ಬಂದಿದ್ದಳು, ಜೊತೆಯ ಹೆಂಗಸರೂ ಕೈಕಟ್ಟಿ ನಿಂತಿದ್ದರು. ಅವ್ವನ ಕಾಲು ಮಂಡಿಯವರೆಗೂ ಹಿಟ್ಟಿನಿಂದ ಬಿಳುಪಾಗಿತ್ತು. ಮೊದಲಾಳಿ ನನ್ನ ಕಡೆ ನೋಡದೆ ನೇರ ಅವಳ ಹತ್ತಿರ ಹೋಗಿ ಕೈ ಚಾಚಿದರು.

“ಕೀ ಕೊಡಕ್ಕಾ.”

ಅವ್ವ ಸೊಂಟದಿಂದ ಕೀ ತೆಗೆದಳು. ಅವಳೇ ಹೋಗಿ ಬೀಗ ತೆಗೆದು, ಕೆಂಪು ಹಿಡಿಯನ್ನು ಆನ್ ಕಡೆ ತಿರುಗಿಸಿ, ಬೀಗ ಕೀ ಎರಡನ್ನೂ ಅವರ ಅಂಗೈಯಲ್ಲಿಟ್ಟಳು.

“ತಗೊಳ್ಳಿ ಮೊದಲಾಳಿ. ಈಗ ನಿಮ್ ಫೋನು ನನ್ ಕೈಲಿ ಕೊಡಿ. ಅರ್ಧ ಕೆರೆದೈತೆ, ಮಿಕ್ಕಿದ್ದು ನೀವೊಸಿ ಇಳಿದು ಕೆರೀರಿ.”

ಹೆಂಗಸರು ಮುಸಿಮುಸಿ ನಕ್ಕರು. ಮೊದಲಾಳಿಯೂ ನಕ್ಕರು. ಅಷ್ಟು ಜನರ ಮುಂದೆ ಹಿಂಜರಿಯುವುದು ಹೇಗೆ ಅಂದುಕೊಂಡರೋ ಏನೋ, ಫೋನನ್ನು ಅವಳಿಗೆ ಕೊಟ್ಟು, ಚಪ್ಪಲಿ ಬಿಟ್ಟು, ಏಣಿಯ ಮೇಲೆ ಕಾಲಿಟ್ಟರು. ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು. ಮುಖದ ಮುಂದೆಯೇ ರೆಕ್ಕೆ. ಅಲ್ಲಿಂದ ತಲೆಯೆತ್ತಿ ನೋಡಿದರು. ಅವ್ವ ಅಂಚಿನಲ್ಲಿ ನಿಂತಿದ್ದಳು, ಬೆಳಗುತ್ತಿದ್ದ ಫೋನು ಒಂದು ಕೈಯಲ್ಲಿ, ಹಿಟ್ಟು ಮೆತ್ತಿದ ಹೆಬ್ಬೆರಳು ಅದರ ಮೇಲೆ.

“ಏ, ಅದನ್ನ ಏನೂ ಮುಟ್ಬೇಡ. ಫೋನ್ ಇಲ್ಲಿ ಕೊಡು,” ಎಂದರು.

“ಒತ್ತಲ್ಲ ಮೊದಲಾಳಿ. ನೀವು ಇಳೀರಿ.”

“ಮೊದ್ಲು ಕೊಡು ಅಂದೆ.”

“ಒತ್ತಲ್ಲ ಅಂತ ಏಳ್ತಿದೀನಲ್ಲ,” ಎಂದಳು ಅವ್ವ. ದನಿ ಏರಲಿಲ್ಲ. “ನಮ್ಗೆ ನೀವು ಏಳಿದ್ದೂ ಇದೇ ಮಾತಲ್ವಾ? ನಾವು ನಂಬ್ಕೊಂಡು ಇಳೀಬೇಕು, ನಿಮ್ಗೆ ಮಾತ್ರ ಆಗಲ್ವಾ?”

ಯಾರೂ ನಗಲಿಲ್ಲ. ಮೊದಲಾಳಿ ಮೇಲೆ ಬಂದು, ಚಪ್ಪಲಿ ಮೆಟ್ಟಿ, ಫೋನಿಗೆ ಕೈ ಚಾಚಿದರು. ಅವ್ವ ಕೊಡಲಿಲ್ಲ. ತನ್ನ ಖಾಲಿ ಕೈಯನ್ನು ಅವರ ಮುಂದೆ ಹಿಡಿದಳು. ಅವರು ಆ ಕೈಯನ್ನೂ ನನ್ನನ್ನೂ ನೋಡಿ, ಬೀಗ ಮತ್ತು ಕೀಯನ್ನು ಅದರಲ್ಲಿಟ್ಟರು.

ಅವ್ವ ಫೋನನ್ನು ಸೆರಗಿನಲ್ಲಿ ಒರೆಸಿ ಹಿಂದಿರುಗಿಸಿದಳು. ಹಿಡಿಯನ್ನು ತಿರುಗಿಸಿ ಬೀಗ ಜಡಿದು, ಎಳೆದು ನೋಡಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದರ್ಧ ಕೆರೆಯಲು ಇಳಿದಳು.