ಅರ್ತಿಂಗ್ ಹೊಂಡದ ತೆಂಗಿನ ಸಸಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ಬೆಳೆಸಿದ್ದು ಎನ್ನುವುದು ನನಗೇ ಸರಿಯಾಗಿ ಗೊತ್ತಿಲ್ಲ. ಉಪ್ಪಿನ ಚೀಲ ಒಂದಿತ್ತೋ ಎರಡೋ, ಅಂದು ಶನಿವಾರವೋ ಭಾನುವಾರವೋ, ಅಮ್ಮ ಹಾಗೆಯೇ ಹೇಳಿದಳೋ ಅಥವಾ ಸ್ಟಾಫ್ ರೂಮಿನಲ್ಲಿ ಕತೆ ಹೇಳುವಾಗ ನಾನೇ ಅವಳ ಮಾತನ್ನು ತಿದ್ದಿದೆನೋ, ಆಣೆ ಹಾಕಿ ಹೇಳಲಾರೆ. ನಾನು ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು. ಅಳೆಯದ್ದನ್ನು ನಂಬಬೇಡಿ ಎಂದು ಬ್ರಹ್ಮಾವರದ ಕಾಲೇಜಿನಲ್ಲಿ ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು. ನೆನಪನ್ನು ಅಳೆಯುವ ಮೀಟರು ಮಾತ್ರ ಇನ್ನೂ ಸಿಕ್ಕಿಲ್ಲ.

ನಡೆದದ್ದರಲ್ಲಿ ಅನುಮಾನವಿಲ್ಲದ್ದು ಇಷ್ಟು. ಹೆಮ್ಮಾಡಿಯ ನಮ್ಮ ಮನೆಯಂಗಳದ ತೆಂಗಿನಮರಕ್ಕೆ ಸಿಡಿಲು ಬಡಿಯಿತು. ಮರದ ತಲೆ ಸುಟ್ಟಿತು, ಜಗಲಿಯ ಸ್ವಿಚ್ ಬೋರ್ಡು ಗೋಡೆ ಬಿಟ್ಟು ಹಾರಿತು, ನಲ್ಲಿ ಹಿಡಿದಿದ್ದ ಅಮ್ಮನ ಕೈ ಜುಮ್ಮೆಂದಿತು. ಅಂದಿನಿಂದ ಮೊದಲ ಗುಡುಗು ಕೇಳಿದೊಡನೆ ಅಮ್ಮ ಮೇನ್ ಸ್ವಿಚ್ ಆಫ್ ಮಾಡಿ, ಮಾತ್ರೆಯ ಡಬ್ಬಿ, ಆಧಾರ್ ಕಾರ್ಡು, ಟಿವಿಯ ರಿಮೋಟು ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಗದ್ದೆಯಾಚೆಯ ಮನೆಗೆ ಹೊರಡತೊಡಗಿದಳು. ಈವರೆಗೆ ಸಿಡಿಲು ಬಡಿದಿಲ್ಲ ಎನ್ನುವುದೇ ಆ ಮನೆಯ ಅರ್ಹತೆ. ರಿಮೋಟು ಯಾಕೆಂದರೆ, ಅವಳಿಲ್ಲದಾಗ ನಾನು ಟಿವಿ ಹಾಕಿ ಸಿಡಿಲನ್ನು ಕರೆಯಬಾರದು.

ತೊಂದರೆ ಇದ್ದದ್ದು ಗದ್ದೆಯಲ್ಲಿ. ಅದು ಬಟಾಬಯಲು. ಅದರ ನಡುವೆ ಕಬ್ಬಿಣದ ಕಡ್ಡಿಯ ಉದ್ದ ಕೊಡೆ ಹಿಡಿದು ನಡೆಯುವ ಎಪ್ಪತ್ತರ ಹೆಂಗಸು. ಸಿಡಿಲಿಗೆ ಇದಕ್ಕಿಂತ ಸುಲಭದ ಗುರಿ ಇಲ್ಲ ಎಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿದೆ. ಅಮ್ಮ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನನ್ನು ಅಷ್ಟು ದಪ್ಪ ಬರೆದದ್ದಕ್ಕೆ ಬೇಸರ ಮಾಡಿಕೊಂಡಳು. ಮುಂದಿನ ಗುಡುಗಿನ ಕಾಲದೊಳಗೆ ಅವಳು ಮನೆಯಲ್ಲೇ ನಿಲ್ಲುವ ಹಾಗೆ ಮಾಡದಿದ್ದರೆ ಒಂದು ದಿನ ಆ ಗದ್ದೆಯಿಂದ ಅವಳನ್ನು ಹೊತ್ತು ತರಬೇಕಾಗುತ್ತದೆ ಎಂಬ ಹೆದರಿಕೆ ನನಗೆ ಹತ್ತಿತು.

ಕೆಲಸ ಬಲ್ಲವರನ್ನು ಹುಡುಕಿದೆ. ಕುಂದಾಪುರದಿಂದ ಬಂದ ಒಬ್ಬರು, ತಾವು ಕಂಬ ನೆಟ್ಟರೆ ಮೂರು ಮನೆಯಾಚೆಗೂ ಸಿಡಿಲು ಸುಳಿಯುವುದಿಲ್ಲ, ಗ್ಯಾರಂಟಿ ಎಂದರು. ಸಿಡಿಲು ಗ್ಯಾರಂಟಿ ಕಾರ್ಡು ಓದುತ್ತದೆಯೇ ಎಂದು ಕೇಳಿದೆ. ಅವರು ಚಹಾ ಕುಡಿಯದೆ ಹೋದರು. ಆಮೇಲೆ ಬೈಂದೂರಿನ ಎಲೆಕ್ಟ್ರಿಷಿಯನ್ ಬಂದ. ಲೈಸೆನ್ಸ್ ಇದ್ದವನು, ಮಾತು ಕಡಿಮೆ. ಅವನನ್ನೂ ಗ್ಯಾರಂಟಿ ಉಂಟೇ ಎಂದು ಕೇಳಿದೆ.

“ಗ್ಯಾರಂಟಿ ಕೊಡುಕೆ ಸಿಡ್ಲ್ ನನ್ನ್ ಭಾವ ಅಲ್ಲ ಮಾಷ್ಟ್ರೆ. ಬಂದ್ರೆ ಮಣ್ಣಿಗ್ ಹೋಪುಕೆ ಒಂದ್ ದಾರಿ ಮಾಡಿ ಕೊಡ್ತೆ, ಅಷ್ಟೇ.”

ಅಲ್ಲೇ ಕೆಲಸ ಒಪ್ಪಿಸಿದೆ.

ಅವನು ಮೊದಲು ಮನೆಯ ಹಳೆಯ ಅರ್ತಿಂಗ್ ಎಲ್ಲಿದೆ ಎಂದು ಹುಡುಕಿದ. ಮೀಟರ್ ಬೋರ್ಡಿನಿಂದ ಹೊರಟ ತಂತಿ ಗೋಡೆಯಿಂದಿಳಿದು, ನೆಲಕ್ಕೆ ಹೋಗಬೇಕಾದ ಕಡೆ ಅಡ್ಡ ತಿರುಗಿ, ಹಿತ್ತಿಲಿನ ಹೀರೆಕಾಯಿ ಚಪ್ಪರಕ್ಕೆ ಸುತ್ತಿಕೊಂಡಿತ್ತು. ನಿಮ್ಮ ಮನೆಗೆ ಅರ್ತಿಂಗ್ ಇಲ್ಲ, ಹೀರೆಕಾಯಿಗೆ ಇದೆ ಎಂದ. ಚಪ್ಪರ ಕಟ್ಟಿದವನು ನಾನೇ ಎಂದು ಅಮ್ಮನ ವಾದ. ಗಂಟು ನನ್ನ ಗಂಟಿನ ಹಾಗೇ ಇತ್ತು. ಆದರೆ ಗಂಟುಗಳೆಲ್ಲ ಹೆಚ್ಚುಕಡಿಮೆ ಒಂದೇ ತರ ಇರುತ್ತವೆ.

ಮನೆಯ ಮಾಡಿನ ಮೇಲೊಂದು ತಾಮ್ರದ ಕಡ್ಡಿ, ಅಲ್ಲಿಂದ ಗೋಡೆಗುಂಟ ಇಳಿಯುವ ತಾಮ್ರದ ಪಟ್ಟಿ, ಪಟ್ಟಿಯ ಕೊನೆಗೆ ಆಳದ ಹೊಂಡದಲ್ಲಿ ಹೂಳುವ ತಾಮ್ರದ ತಗಡು, ತಗಡಿನ ಸುತ್ತ ಉಪ್ಪು ಮತ್ತು ಇದ್ದಿಲು. ಬೋರ್ಡಿನಲ್ಲಿ, ಯಾರಿಗಾದರೂ ಶಾಕ್ ಹೊಡೆದರೆ ತಾನೇ ಆಫ್ ಆಗುವ ಸ್ವಿಚ್ಚು. ಇದು ಅವನ ಯೋಜನೆ. ಮೊದಲ ದಿನ ಸತ್ತ ತೆಂಗಿನಮರದಿಂದ ಸ್ವಲ್ಪ ದೂರದಲ್ಲಿ ಹೊಂಡ ತೋಡಿಸಿದ. ಮೂರಡಿಗೆ ಮುರಕಲ್ಲಿನ ಗಟ್ಟಿ ಪದರ ಸಿಕ್ಕಿತು. ಉಳಿದದ್ದು ನಾಳೆ ಎಂದು ಉಪ್ಪಿನ ಚೀಲ, ಇದ್ದಿಲಿನ ಚೀಲ ಹೊಂಡದ ಬದಿಯಲ್ಲಿಟ್ಟು, ಗಂಗೊಳ್ಳಿಯ ಯಾವುದೋ ಐಸ್ ಪ್ಲಾಂಟಿನ ಮೋಟಾರು ನೋಡಲು ಹೋದ.

ಮಾರನೆಯ ಬೆಳಿಗ್ಗೆ ತಾಮ್ರದ ತಗಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದವನು ಅಂಗಳದಲ್ಲಿ ತನ್ನ ಹೊಂಡವನ್ನು ಹುಡುಕಿದ. ಹೊಂಡದ ಜಾಗದಲ್ಲಿ ಒಂದು ತೆಂಗಿನ ಸಸಿ ಇತ್ತು. ಸುತ್ತ ನೀರು ನಿಲ್ಲಲು ಅಚ್ಚುಕಟ್ಟಾದ ಮಣ್ಣಿನ ಕಟ್ಟೆ. ನಮ್ಮ ಕಡೆ ತೆಂಗು ನೆಡುವ ಕ್ರಮವೇ ಹಾಗೆ: ಮೂರಡಿಯ ಹೊಂಡ, ತಳಕ್ಕೆ ಉಪ್ಪು, ಮೇಲೆ ಸುಡುಮಣ್ಣು. ಹಳೆಯ ಮರ ಸತ್ತಂದಿನಿಂದ ಅಮ್ಮ ಬಾವಿಕಟ್ಟೆಯ ಹತ್ತಿರ ಒಂದು ಕಾಯಿಗೆ ಮೊಳಕೆ ಬರಿಸಿಟ್ಟು ಕಾಯುತ್ತಿದ್ದಳು.

“ಅಮ್ಮ, ಇದ್ ಎಂತ?” ಎಂದು ಎಲೆಕ್ಟ್ರಿಷಿಯನ್ ಕೇಳಿದ.

“ತೆಂಗಿನ್ ಸಸಿ. ಕಾಂತಿಲ್ಯಾ?”

“ನಾನ್ ಹೊಂಡ ತೋಡ್ಸಿದ್ ಕರೆಂಟಿಗೆ.”

“ಹೊಂಡ ತೋಡಿ, ಉಪ್ಪ್ ಇಟ್ಟ್ ಹೋರೆ ಮತ್ತೆಂತ ನೆಡುದ್? ಕರೆಂಟ್ ನೆಡುದಾ?”

ಇದ್ದಿಲು ಬಚ್ಚಲೊಲೆಗೆ ಹೋಗಿತ್ತು. ಅಂದಿನ ಬಿಸಿನೀರು ತುಂಬ ಚೆನ್ನಾಗಿತ್ತು ಎಂದು ನನಗೂ ನೆನಪಿದೆ. ಅಮ್ಮನ ಪ್ರಕಾರ, ನೆಡುವ ಮೊದಲು ಅವಳು ನನ್ನನ್ನು ಕೇಳಿದ್ದಾಳೆ, ನಾನು ಮೊಬೈಲಿನಿಂದ ತಲೆ ಎತ್ತದೆ ‘ಹ್ಞೂಂ’ ಎಂದಿದ್ದೇನೆ. ಆ ಹ್ಞೂಂ ಅನ್ನು ನಾನು ಇಂದಿಗೂ ಒಪ್ಪಿಲ್ಲ.

ನೆಟ್ಟದ್ದನ್ನು ಕೀಳಲು ಅಮ್ಮ ಬಿಡಲಿಲ್ಲ. ಎಲೆಕ್ಟ್ರಿಷಿಯನ್ ವಾದಿಸಲೂ ಇಲ್ಲ. ಮನೆಯ ಇನ್ನೊಂದು ಮೂಲೆಯಲ್ಲಿ ಹೊಸ ಹೊಂಡ ತೋಡಿಸಿ, ಈ ಸಲ ತಗಡು ಹೂತು ಮುಚ್ಚುವವರೆಗೆ ಊಟಕ್ಕೂ ಏಳಲಿಲ್ಲ. ಮನೆಯ ತಂತಿಯನ್ನೂ ಹೀರೆಕಾಯಿಯಿಂದ ಬಿಡಿಸಿ ನೆಲಕ್ಕಿಳಿಸಿದ. ನನಗೆ ಅರ್ತಿಂಗ್ ಅಳೆದ ಮೀಟರಿನ ಅಂಕಿ ತೋರಿಸಿದ. ನಾನು ಮೂರು ಸಲ ಅಳೆಸಿದೆ. ಅಮ್ಮನಿಗೆ ಹೊಂಡದ ಮೇಲೆ ನಿಲ್ಲಿಸಿದ ಪೈಪು ತೋರಿಸಿ, ಬೇಸಿಗೆಯಲ್ಲಿ ಒಳಗಿನ ಮಣ್ಣು ಒಣಗಬಾರದು, ದಿನಕ್ಕೊಂದು ಕೊಡ ನೀರು ಹಾಕಬೇಕು ಎಂದ.

ಅಮ್ಮನಿಗೆ ಅಂಕಿ ಬೇಕಿರಲಿಲ್ಲ, ನೀರು ಸಾಕಾಯಿತು. ಬೆಳಿಗ್ಗೆ ಸಸಿಗೊಂದು ಕೊಡ, ಪೈಪಿಗೊಂದು ಕೊಡ. ವಾರದೊಳಗೆ ಗದ್ದೆಯಾಚೆಯ ಮನೆಯವಳಿಗೆ ಫೋನು ಮಾಡಿ, ನಮ್ಮ ಅರ್ತಿಂಗ್ ಎಷ್ಟು ನೀರು ಕುಡಿಯುತ್ತದೆ ಎಂದು ಎಮ್ಮೆಯ ಸುದ್ದಿ ಹೇಳುವ ಹಾಗೆ ಹೇಳತೊಡಗಿದಳು. ಅವಳನ್ನು ಮನೆಯಲ್ಲಿ ನಿಲ್ಲಿಸಲು ನನ್ನ ಚಿತ್ರದಿಂದ ಆಗದ್ದು ಒಂದು ಕೊಡ ನೀರಿನಿಂದ ಆಗುತ್ತಿದೆಯೇ ಎಂದು ನನಗೆ ಅನುಮಾನ. ಗುಡುಗು ಬರುವವರೆಗೆ ಅದೂ ಊಹೆಯೇ.

ಮೇ ತಿಂಗಳ ಒಂದು ಸಂಜೆ ಗುಡುಗು ಬಂತು. ನನ್ನ ನೆನಪಿನಲ್ಲಿ ಅಮ್ಮ ಜಗಲಿಯ ಬೆಂಚಿನ ಮೇಲೆ ಕುಳಿತಿದ್ದಾಳೆ, ಪಕ್ಕದಲ್ಲಿ ಕುಳಿತ ನಾನು ಮಾಡಿನ ಮೇಲಿನ ಕಡ್ಡಿ ಹೇಗೆ ಕೆಲಸ ಮಾಡುತ್ತದೆ ಎಂದು ಶಾಂತವಾಗಿ ವಿವರಿಸುತ್ತಿದ್ದೇನೆ. ಅಮ್ಮ ಇದನ್ನು ಒಪ್ಪುವುದಿಲ್ಲ. ತಾನು ಒಳಕೋಣೆಯಲ್ಲಿ ಒಳ್ಳೆಯ ನಿದ್ದೆಯಲ್ಲಿದ್ದೆ, ಎದ್ದು ನೋಡಿದರೆ ಮಗನೂ ಇಲ್ಲ, ಕೊಡೆಯೂ ಇಲ್ಲ ಎನ್ನುತ್ತಾಳೆ.

ಇಬ್ಬರಲ್ಲಿ ಯಾರು ಸರಿ ಎನ್ನಲು ಮೂರನೆಯ ಸಾಕ್ಷಿ ಬೇಕಲ್ಲ. ಕಳೆದ ವಾರ ಗದ್ದೆಯಾಚೆಯ ಮನೆಗೆ ಹೋಗಿ ಕೇಳಿದೆ. ಆ ಮನೆಯ ಹೆಂಗಸು ಯೋಚಿಸಲೂ ಇಲ್ಲ.

“ಅಮ್ಮ ಬರ್ಲೇ ಇಲ್ಲ. ನೀವೇ ಕೊಡೆ ಹಿಡ್ಕಂಡ್ ಓಡಿ ಬಂದ್ರಿ, ಅಮ್ಮ ಒಳ್ಗ್ ಇತ್ತಾ ಅಂದ್ಕಂಡ್. ಮನೆ ಒಳ್ಗೆ ಸಮ ಹುಡ್ಕಿದ್ರಾ ಅಂದ್ರೆ ಜಗ್ಲಿ ಮೇಲ್ ಇಲ್ಲ ಅಂದ್ರಿ. ಗುಡುಗ್ ನಿಲ್ಲುವರಿಗೆ ನಾನೇ ಕೂರ್ಸಿ ಚಾ ಕೊಟ್ಟದ್.”

ಅವಳ ಗಂಡನನ್ನು ಬೇರೆಯಾಗಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಆ ಸಂಜೆ ಗದ್ದೆ ದಾಟಿದ್ದು ನಾನೊಬ್ಬನೇ. ಅಮ್ಮ ಮನೆಯಲ್ಲೇ ಇದ್ದಳು.