ಮಾಟಗಾತಿಯ ಮನೆ ಟೀ

ನನ್ನ ಮಗಳ ಕೋಣೆಯಲ್ಲಿ ಮಾಟಗಾತಿಯರು ಸಾಲಾಗಿ ನಿಂತಿದ್ದಾರೆ. ಎಲ್ಲರೂ ಇಂಗ್ಲಿಷಿನವರು, ಎಲ್ಲರೂ ಕೊರಿಯರ್‌ನಲ್ಲಿ ಬಂದವರು. ಡಿಗ್ರಿ ಓದಲು ದಿನಾ ಹೊಳಲ್ಕೆರೆಯಿಂದ ದುರ್ಗಕ್ಕೆ ಹೋಗಿಬರುವ ಈ ಹುಡುಗಿ, ಬಸ್ಸಿನಲ್ಲಿ ಸೀಟು ಸಿಗಲಿ ಬಿಡಲಿ, ಈ ಕಾದಂಬರಿಗಳನ್ನು ಮಾತ್ರ ಓದುತ್ತಾಳೆ. "ಓದಿದ್ರೆ ಮನಸ್ಸು ಬೆಚ್ಚಗಾಗ್ತೈತೆ ಕಣಮ್ಮ, ನೀನೂ ಓದು," ಎಂದು ಹೋದ ಬೇಸಿಗೆಯಲ್ಲಿ ಒಂದನ್ನು ನನ್ನ ಕೈಗಿಟ್ಟಳು. ಏಪ್ರಿಲ್ ತಿಂಗಳಲ್ಲಿ, ಹೊಳಲ್ಕೆರೆಯಲ್ಲಿ, ಬೆಚ್ಚಗಾಗುವುದಕ್ಕೆ ಪುಸ್ತಕ ಬೇಕಂತೆ.

ಓದಿದೆ. ಅದರಲ್ಲೊಬ್ಬಳು ಮಾಟಗಾತಿ. ಅವಳಿಗೊಂದು ಟೀ ಅಂಗಡಿ, ಒಂದು ಬೆಕ್ಕು. ಮನೆ ಬಿಟ್ಟವರು, ಯಾರೂ ಇಲ್ಲದವರು ಒಬ್ಬೊಬ್ಬರಾಗಿ ಬರುತ್ತಾರೆ, ಟೀ ಕುಡಿದು ಅಳುತ್ತಾರೆ, ಅಲ್ಲೇ ಉಳಿಯುತ್ತಾರೆ. ಕೊನೆಗೆ ಎಲ್ಲ ಸೇರಿ ಒಂದು ಕುಟುಂಬ. ಅಷ್ಟು ಜನರ ಪಾತ್ರೆ ತೊಳೆಯುವವರು ಯಾರು ಅನ್ನೋದು ಮಾತ್ರ ಎಲ್ಲೂ ಇಲ್ಲ. ಒಬ್ಬರಿಗೊಬ್ಬರು ಚುಚ್ಚಿ ಒಂದು ಮಾತೂ ಆಡುವುದಿಲ್ಲ. ಇದಕ್ಕೆ ಕುಟುಂಬ ಅಂತ ಹೆಸರಿಟ್ಟವರು ಅತ್ತೆಮನೆಯಲ್ಲಿ ಒಂದು ದಿನವೂ ಇದ್ದಿರಲಿಕ್ಕಿಲ್ಲ. ಬರೀ ಸಕ್ಕರೆ ಪಾಕ, ಹಲ್ಲು ನೋಯುವಷ್ಟು. ಮಗಳಿಗೂ ಹಾಗೇ ಹೇಳಿದೆ.

"ಜನ ಚೆನ್ನಾಗಿದ್ರೆ ನಿನ್ಗೆ ಆಗಲ್ಲ," ಅಂದಳು.

ಮಾಟಗಾತಿ ಅನ್ನಿಸಿಕೊಂಡವರು ನಮ್ಮ ಬೀದಿಯಲ್ಲೂ ಒಬ್ಬರಿದ್ದಾರೆ. ಕೊನೆಯ ಮನೆಯ ಅಜ್ಜಿ, ಒಂಟಿ. ಅವರು ತಿನ್ನುವುದರಲ್ಲಿ ಮದ್ದು ಹಾಕುತ್ತಾರಂತೆ. ಅದು ಹೊಟ್ಟೆಯಲ್ಲಿ ಕೂತು ಮನುಷ್ಯರನ್ನು ದಿನೇ ದಿನೇ ಒಣಗಿಸುತ್ತದಂತೆ. ಹಬ್ಬಕ್ಕೆ ಅವರು ಹಂಚುವ ಹೋಳಿಗೆಯನ್ನು ಬೀದಿಯವರೆಲ್ಲ ನಗುನಗುತ್ತಾ ಇಸ್ಕೊಂಡು, ಬಾಗಿಲು ಹಾಕಿಕೊಂಡ ಮೇಲೆ ಕಸಕ್ಕೆ ಹಾಕುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಈ ಮೂಢರನ್ನು ಕಂಡರೆ ಮೈ ಉರಿಯುತ್ತದೆ. ಹೋಳಿಗೆಯನ್ನು ನಾನೂ ಕಸಕ್ಕೇ ಹಾಕುತ್ತೇನೆ. ಸಕ್ಕರೆ ಕಾಯಿಲೆಗೆ ಒಳ್ಳೆಯದಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ಈ ಬೀದಿಗೆ ಬಂದು ಎರಡು ವರ್ಷವಾದರೂ ಮದ್ದಿನ ಮಾತು ಮಗಳ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೆ.

ಮಳೆಗಾಲ ಶುರುವಾದ ಮೇಲೆ ಅವಳು ಕಾಲೇಜಿನಿಂದ ತಡವಾಗಿ ಬರತೊಡಗಿದಳು. ಕೇಳಿದರೆ, ಕೊನೆಮನೆ ಅಜ್ಜಿ ಹತ್ರ ಟೀ ಕುಡಿದು ಬಂದೆ ಅಂದಳು. ಪುಸ್ತಕದ ಹುಚ್ಚು ತಲೆಗೇರಿದೆ ನಿನಗೆ ಎಂದು ಬೈದೆ. ನಿಜವಾದ ಕಾರಣ ಹೇಳಲಿಲ್ಲ. ಹೇಳಿದ್ದರೆ ಅವಳ ಕಣ್ಣಲ್ಲಿ ನಾನೂ ಬೀದಿಯವರಲ್ಲಿ ಒಬ್ಬಳಾಗುತ್ತಿದ್ದೆ. ಆದರೆ ಅವಳು ಊಟಕ್ಕೆ ಕೂತಾಗೆಲ್ಲ ಕೆನ್ನೆ ಬತ್ತಿದೆಯಾ ಎಂದು ನೋಡುತ್ತಿದ್ದೆ.

ಒಂದು ಸಂಜೆ ತಡೆಯಲಾಗದೆ ಕರೆದುಕೊಂಡು ಬರಲು ಹೋದೆ. ಮಗಳು ಮಂಚದ ಮೇಲೆ ಕಾಲು ಮಡಚಿ ಕೂತು ಅದೇ ಮಾಟಗಾತಿಯ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ಬರ್ರಿ ಟೀಚರಮ್ಮ, ಕುಂತ್ಕಳ್ರಿ," ಅಂದರು ಅಜ್ಜಿ. "ಎಂಥಾ ಪುಣ್ಯವಂತೆ ನೋಡ್ರಿ ಆ ಹೆಂಗ್ಸು. ಅವ್ಳು ಕೊಟ್ಟಿದ್ದನ್ನ ಬಂದೋರೆಲ್ಲ ಕುಡೀತಾರಂತೆ."

ಮಂಚದ ತುದಿಯಲ್ಲಿ ಕೂತೆ. ಅವರು ಒಳಗೆ ಹೋಗಿ ಟೀ ತಂದರು. ಕೊಡುವ ಮೊದಲು ನನ್ನ ಲೋಟದಿಂದ ಒಂದಿಷ್ಟನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ನನ್ನೆದುರೇ ಬಾಯಿಗೆತ್ತಿದರು.

"ದಿನಾ ನನಗೂ ಹಿಂಗೇ ಮಾಡ್ತಾರಮ್ಮ. ಯಾಕಂತ ಕೇಳಿದ್ರೆ ಹೇಳಲ್ಲ," ಎಂದು ಮಗಳು ನಕ್ಕಳು.

ಹಾಗೆಲ್ಲ ಮಾಡಬೇಡಿ ಅಂತ ನಾನು ಅವರ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಟೀ ಅವರ ಗಂಟಲಲ್ಲಿ ಇಳಿದದ್ದನ್ನು ನೋಡಿಕೊಂಡೇ ನನ್ನ ಲೋಟಕ್ಕೆ ಕೈ ಚಾಚಿದೆ.